ಗಿರಾಕಿಯ ಕುರ್ಚಿ

ದೊಡ್ಡಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಪರದೆ ಬಟ್ಟೆಯ ಅಂಗಡಿಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ದಿನವಿಡೀ ನಿಂತ ಕಾಲಿನ ನೋವು ಎಲ್ಲಿಂದಾದರೂ ಹೊರಗೆ ಬರಬೇಕಲ್ಲ, ಅವಳಿಗೆ ಅದು ಬಾಯಿಂದ ಬರುತ್ತಿತ್ತು. ಮದುವೆಯ ಗೋಜಿಗೆ ಹೋಗದೆ, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದುಕೊಂಡು, ಇಪ್ಪತ್ತು ವರ್ಷದಿಂದ ಅವಳು ಆ ಅಂಗಡಿಯ ಮಹಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ತೋರಿಸುತ್ತಿದ್ದಳು, ಮತ್ತೆ ಸುತ್ತಿಡುತ್ತಿದ್ದಳು. ನಿಂತೇ.

ಕೆಲಸದವರು ಕೂರುವ ಹಾಗಿಲ್ಲ. ಇದನ್ನು ಯಾರೂ ಗೋಡೆಗೆ ಬರೆದು ಹಾಕಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಗಿರಾಕಿಗಳಿಗೆ ಸಾಲಾಗಿ ಮೆತ್ತನೆಯ ಕುರ್ಚಿಗಳಿದ್ದವು. ಮಧ್ಯಾಹ್ನ ಒಂದು ನರಪಿಳ್ಳೆ ಇಲ್ಲದಿದ್ದರೂ ಅವು ಖಾಲಿ ಬಿದ್ದಿರಬೇಕು, ಇವರು ಪಕ್ಕದಲ್ಲಿ ನಿಂತು ಅವುಗಳ ಮುಖ ನೋಡುತ್ತಿರಬೇಕು! ಅದಕ್ಕೇ ಹೆಂಗಸರು ಥಾನುಗಳ ಹಿಂದೆ ಒಂದು ಸ್ಟೂಲು ಬಚ್ಚಿಟ್ಟಿದ್ದರು. ಒಂದು ಕಾಲು ಮೋಟಾದ ಸ್ಟೂಲು. ಒಬ್ಬಳು ಕೂರುವುದು, ಮ್ಯಾನೇಜರು ಮೆಟ್ಟಿಲು ಹತ್ತಿದರೆ ಇನ್ನೊಬ್ಬಳು ಕೆಮ್ಮುವುದು. ಆ ಮಹಡಿಯವರಿಗೆ ಯಾವಾಗಲೂ ನೆಗಡಿ ಎಂದೇ ಮ್ಯಾನೇಜರು ನಂಬಿದ್ದ.

ಒಂದು ದಿನ ಅವನು ಸದ್ದಿಲ್ಲದೆ ಬಂದುಬಿಟ್ಟ. ಆಗ ಸ್ಟೂಲಿನ ಮೇಲಿದ್ದವಳು ಪುಟ್ಟಿ, ಎಲ್ಲರಿಗಿಂತ ಚಿಕ್ಕವಳು, ಏಳು ತಿಂಗಳ ಬಸುರಿ. "ಕೂರೋ ಆಸೆ ಇದ್ದೋರು ಮನೇಲಿ ಕೂತ್ಕೋಬೇಕು," ಎಂದವನೇ ಸ್ಟೂಲನ್ನು ಗೋದಾಮಿಗೆ ಹೊರಿಸಿದ. ದೊಡ್ಡಕ್ಕನ ಮೈ ಉರಿದುಹೋಯಿತು. ತನ್ನ ಕಾಲು ಬಾತಾಗ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಪುಟ್ಟಿ ಬಟ್ಟೆ ಹರಡುವ ಮೇಜಿನ ಅಂಚು ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುವುದನ್ನು ನೋಡುತ್ತ ಸುಮ್ಮನಿರಲು ಅವಳಿಂದಾಗಲಿಲ್ಲ. ಆ ಸ್ಟೂಲು ವಾಪಸ್ ಬರಲೇಬೇಕು ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಮ್ಯಾನೇಜರು ಫೋನು ನೋಡುತ್ತಿದ್ದ.

ಅದೇ ವಾರ ಅಂಗಡಿಗೆ ಇಂಗ್ಲಿಷ್ ಹುಚ್ಚು ಹಿಡಿಯಿತು. ಬೆಳಿಗ್ಗೆ ವ್ಯಾಪಾರ ಶುರುವಾಗುವ ಮುಂಚೆ ಒಬ್ಬ ಎಳೆಯ ಮೇಷ್ಟ್ರು ಬಂದು, ಗಿರಾಕಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಎದುರಿಗೆ ಸಾಲಾಗಿ ನಿಂತವರಿಗೆ ದಿನಕ್ಕೊಂದು ಕ್ರಿಯಾಪದ ಹೇಳಿಕೊಡುತ್ತಿದ್ದ.

"ಇವತ್ತು ಸಿಟ್. ಸಿಟ್ ಅಂದ್ರೆ ಕೂತ್ಕೊಳ್ಳೋದು," ಎಂದ ಅವನು. ಅದನ್ನು ಇವರಿಗೆ ಹೇಳಿಕೊಡಬೇಕೇ? 'ಪ್ಲೀಸ್ ಸಿಟ್ ಮೇಡಂ' ಎಂದು ದಿನವೂ ಬಾಯಿ ಒಣಗುವ ತನಕ ಹೇಳುವವರು! "ಆದ್ರೆ ಇವತ್ತು 'ಐ' ಇಂದ ಶುರು ಮಾಡಿ. ನೀವು ದಿನಾ ಮಾಡೋದನ್ನೇ ಹೇಳಿ."

"ಐ ಸಿಟ್ ಇನ್ ದ ಬಸ್," ಎಂದಳು ಒಬ್ಬಳು.

"ಸೀಟು ಸಿಕ್ಕಿದ್ರೆ ತಾನೇ?" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

"ಐ ಸಿಟ್ ಆನ್ ಸಂಡೇ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಮೂಲೆಯಲ್ಲಿ ನಿಂತಿದ್ದ ಮ್ಯಾನೇಜರೂ ನಕ್ಕ.

ಪುಟ್ಟಿಯ ಸರದಿ ಬಂತು. "ಐ ಸಿಟ್..." ಎಂದು ನಿಲ್ಲಿಸಿದಳು.

"ಎಲ್ಲಿ? ವಾಕ್ಯ ಪೂರ್ತಿ ಮಾಡಿ."

"ಎಲ್ಲಿ ಅಂತ ಗೊತ್ತಾಗ್ತಿಲ್ಲ ಸರ್," ಎಂದಳು ಪುಟ್ಟಿ. ಅವಳ ತುಟಿ ಬಿಳಿಚಿಕೊಂಡಿತ್ತು.

ದೊಡ್ಡಕ್ಕನ ಪಿತ್ತ ನೆತ್ತಿಗೇರಿತು. ಗಿರಾಕಿಯ ಕುರ್ಚಿಯೊಂದನ್ನು ದರದರ ಎಳೆದು ತಂದು ಪುಟ್ಟಿಯನ್ನು ಅದರಲ್ಲಿ ಕೂರಿಸಿದಳು. ಇನ್ನೊಂದನ್ನು ಎಳೆದು ತಾನೂ ಕೂತಳು. "ಶೀ ಸಿಟ್ಸ್ ಹಿಯರ್. ಐ ಸಿಟ್ ಹಿಯರ್. ಸರಿಯಾಯ್ತಾ ಮೇಷ್ಟ್ರೇ?"

"ಕರೆಕ್ಟ್," ಎಂದ ಮೇಷ್ಟ್ರು, ಮ್ಯಾನೇಜರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ಏಳ್ರೀ ಮೇಲೆ! ಅದು ಗಿರಾಕಿ ಕುರ್ಚಿ!" ಎಂದು ಮ್ಯಾನೇಜರು ಗುಡುಗಿದ.

"ಗಿರಾಕಿ ಬರ್ಲಿ, ಕೊಡೋಣ."

"ಇವತ್ತೇ ಕೊನೆ. ನಾಳೆಯಿಂದ ನೀವು ಬರೋದೇ ಬೇಡ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ದಿನದ ಮೊದಲ ಗಿರಾಕಿ, ನಡುವಯಸ್ಸಿನ ಒಬ್ಬ ಹೆಂಗಸು. ದೊಡ್ಡಕ್ಕನ ಕಾಲುಗಳು ಅವಳನ್ನು ಕೇಳದೆಯೇ ಎದ್ದು ನಿಂತವು, ಬಾಯಿ ತಾನಾಗಿ "ಪ್ಲೀಸ್ ಸಿಟ್ ಮೇಡಂ" ಎಂದಿತು. ಥೂ, ಈ ಕಾಲಿಗಿಷ್ಟು ಬೆಂಕಿ ಹಾಕ! ಮ್ಯಾನೇಜರಿಗಿಂತ ಹೆಚ್ಚು ಸಿಟ್ಟು ಆಗ ಅವಳಿಗೆ ತನ್ನ ಕಾಲುಗಳ ಮೇಲೆ ಬಂತು. ಪುಟ್ಟಿಯೂ ಏಳಲು ಹೊರಟಾಗ ಅವಳ ಭುಜ ಹಿಡಿದು ಒತ್ತಿದಳು.

"ಅಯ್ಯೋ, ನೀನ್ಯಾಕಮ್ಮ ಏಳ್ತೀಯ, ಕೂತ್ಕೋ," ಎಂದಳು ಬಂದ ಹೆಂಗಸು, ಹೊಟ್ಟೆ ನೋಡಿ.

ಗಿರಾಕಿಯ ಮುಂದೆ ದನಿ ಎತ್ತಬಾರದು ಎನ್ನುವುದು ಮ್ಯಾನೇಜರು ತಾನೇ ಮಾಡಿದ ಕಾನೂನು. ಹಲ್ಲು ಕಿರಿದುಕೊಂಡು ನಿಂತ. ದೊಡ್ಡಕ್ಕ ಅವನ ಮುಖವನ್ನೇ ನೋಡುತ್ತ ಮತ್ತೆ ಕೂತಳು, ಥಾನನ್ನು ತೊಡೆಯ ಮೇಲೆ ಬಿಚ್ಚಿದಳು. "ಹೇಳಿ ಮೇಡಂ, ಕಿಟಕಿಗೋ, ಬಾಗಿಲಿಗೋ?" ಆ ಹೆಂಗಸು ನಾಲ್ಕು ಕೋಣೆಗಳಿಗೆ ಬಟ್ಟೆ ಆರಿಸಿದಳು, ನಿಧಾನವಾಗಿ.

ಸಂಜೆಯ ಹೊತ್ತಿಗೆ ಸ್ಟೂಲು ಥಾನುಗಳ ಹಿಂದೆ ಮರಳಿ ಬಂದಿತ್ತು. ಯಾರು ತಂದಿಟ್ಟರೆಂದು ಯಾರೂ ಹೇಳಲಿಲ್ಲ. ನಾಳೆಯ ಮಾತನ್ನು ಮ್ಯಾನೇಜರೂ ಎತ್ತಲಿಲ್ಲ.

"ಗೆದ್ದೆ ಬಿಡಕ್ಕ! ಮತ್ಯಾಕೆ ಮುಖ ಊದಿಸ್ಕೊಂಡಿದೀಯ?" ಎಂದಳು ತಂಗಿ, ರಾತ್ರಿ ಮನೆಯಲ್ಲಿ ಎಲ್ಲ ಕೇಳಿಸಿಕೊಂಡು.

"ಏನೇ ಗೆದ್ದಿದ್ದು? ಮೋಟು ಸ್ಟೂಲಾ?" ದೊಡ್ಡಕ್ಕ ಸಿಡಿದಳು. "ಕೂತಿದ್ರೆ ಆಗೋಗ್ತಿತ್ತು ಕಣೇ! ಮೊದಲ್ನೇ ದಿನಾನೇ ಸುಮ್ನೆ ಕೂತಿದ್ರೆ ಆಗೋಗ್ತಿತ್ತು. ಇಪ್ಪತ್ತು ವರ್ಷ ನಿಂತ್ನಲ್ಲೇ!"

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ತಂಗಿ ಎಣ್ಣೆ ಬಿಸಿ ಮಾಡಿ ತಂದಳು, ಆದರೆ ದೊಡ್ಡಕ್ಕ ಆ ಕಾಲುಗಳನ್ನು ಮುಟ್ಟಗೊಡಲಿಲ್ಲ.