ಎಡೆ ಮುಟ್ಟಿದ ಹಕ್ಕಿ

ಹೊಸ ಪುಸ್ತಕವನ್ನು ಮೊದಲ ಬಾರಿ ಬಿಡಿಸಿದಾಗ ಏಳುವ ಅಂಟಿನ ಮತ್ತು ಶಾಯಿಯ ವಾಸನೆ ಹೆಚ್ಚಿನವರಿಗೆ ಶಾಲೆ ಸುರುವಾಗುವ ದಿನಗಳನ್ನು ನೆನಪಿಗೆ ತರುತ್ತದಂತೆ. ನನಗೆ ಹಾಗಲ್ಲ. ಮೊನ್ನೆ ಮೊಮ್ಮಗಳು ಕುಂದಾಪುರದ ಪುಸ್ತಕದಂಗಡಿಯಿಂದ ನಮ್ಮ ಕರಾವಳಿಯ ಹಕ್ಕಿಗಳನ್ನು ಗುರುತಿಸಲು ಬರೆದ ಹೊಸ ಕನ್ನಡ ಕೈಪಿಡಿಯೊಂದನ್ನು ತಂದುಕೊಟ್ಟಳು. ಬ್ರಹ್ಮಾವರದ ಈ ಮನೆಯ ಜಗಲಿಯಲ್ಲಿ ಕುಳಿತು ಅದನ್ನು ಬಿಡಿಸಿದೊಡನೆ ನನ್ನ ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆ. ಆ ವಾಸನೆ ಕೈಯಲ್ಲಿದ್ದ ಪುಸ್ತಕದ್ದಲ್ಲ. ನಾವುಂದದ ನಮ್ಮ ಅಮ್ಮಮ್ಮನ ಮನೆಯ ಚಾವಡಿಯಲ್ಲಿ, ಬೊಂಬಾಯಿಯಿಂದ ಬಂದ ಭುಜಂಗ ಮಾವನ ಕಬ್ಬಿಣದ ಟ್ರಂಕಿನಲ್ಲಿ, ನನ್ನ ಬಾಳಿನಲ್ಲಿ ಕಂಡ ಮೊತ್ತಮೊದಲ ಹಕ್ಕಿ ಪುಸ್ತಕಕ್ಕೆ ಹತ್ತಿಕೊಂಡಿದ್ದ ವಾಸನೆ ಅದು. ಆ ಪುಸ್ತಕ ನನಗೆ ಮಾಡಿದ ಅನ್ಯಾಯವನ್ನು ನಾನು ಇಂದಿಗೂ ಮರೆತಿಲ್ಲ; ಮರೆಯುವ ಉದ್ದೇಶವೂ ಇರಲಿಲ್ಲ.

ಈಗಿನ ಪುಸ್ತಕಗಳ ಬಗ್ಗೆ ಮೊದಲು ನ್ಯಾಯವಾಗಿ ಎರಡು ಮಾತು ಹೇಳಿಬಿಡಬೇಕು. ಇತ್ತೀಚೆಗೆ ಇಂಥ ಕೈಪಿಡಿಗಳು ಒಂದರ ಹಿಂದೊಂದು ಬರುತ್ತಿವೆ: ಹಕ್ಕಿಗೊಂದು, ಚಿಟ್ಟೆಗೊಂದು, ಕಡಲತೀರದ ಚಿಪ್ಪು ಏಡಿಗಳಿಗೊಂದು. ಗಂಡು ಹೆಣ್ಣು ಎರಡರ ಬಣ್ಣದ ಚಿತ್ರವನ್ನೂ ಕೊಡುತ್ತಾರೆ. ಮರಿಯ ಚಿತ್ರ, ಹಾರುವಾಗ ರೆಕ್ಕೆಯ ಅಡಿ ಕಾಣುವ ಬಗೆ, ಎಲ್ಲವೂ ಇರುತ್ತದೆ. ಕಾಗದ ನುಣುಪಾಗಿ ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತದೆ ಎಂಬುದು ನನ್ನ ಒಂದು ಆಕ್ಷೇಪ. ಕಾಗೆಯನ್ನೂ ಕೋಗಿಲೆಯನ್ನೂ ಪುಸ್ತಕದ ಎರಡು ತುದಿಗಳಲ್ಲಿ ಇಟ್ಟಿದ್ದಾರೆ ಎಂಬುದು ಎರಡನೆಯ ಮತ್ತು ಗಂಭೀರವಾದ ಆಕ್ಷೇಪ. ಅವೆರಡನ್ನೂ ಎದುರುಬದುರು ಪುಟಗಳಲ್ಲಿ ಇಟ್ಟಿದ್ದರೆ ಎಷ್ಟೋ ಮನೆಗಳಲ್ಲಿ ಎಷ್ಟೋ ಜಗಳ ತಪ್ಪುತ್ತಿತ್ತು. ಆದರೆ ಕೋಗಿಲೆಯ ಪುಟಕ್ಕೆ ಬಂದಾಗ ನನ್ನ ಆಕ್ಷೇಪಗಳೆಲ್ಲ ಬಾಯಿ ಮುಚ್ಚಿಕೊಂಡವು. ಗಂಡು ಕೋಗಿಲೆ, ಮೈಯೆಲ್ಲ ಹೊಳೆಯುವ ಕಪ್ಪು, ಕೊಕ್ಕು ತಿಳಿಹಸಿರು, ಕಣ್ಣು ಕುಂಕುಮದಷ್ಟು ಕೆಂಪು. ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿದ್ದವರಿಗೆಲ್ಲ ಕೇಳುವಂತೆ, ‘ಕಂಡಿರಾ’ ಎಂದೆ. ಮೊಮ್ಮಗಳು ಹೊರಗೆ ಬಂದು ಏನೆಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮಮ್ಮನ ಆ ಮನೆ ಈಗ ಇಲ್ಲ. ಹೆದ್ದಾರಿಯನ್ನು ಅಗಲ ಮಾಡುವಾಗ ಅಂಗಳ, ತುಳಸಿಕಟ್ಟೆ, ಚಾವಡಿ ಎಲ್ಲವೂ ಅದರ ಪಾಲಾದವು. ಬಸ್ಸಿನಲ್ಲಿ ಹೋಗುವಾಗ ನಮ್ಮ ಅಡುಗೆಮನೆ ಇದ್ದದ್ದು ಡ್ರೈವರನ ಬದಿಗೋ ಕಂಡಕ್ಟರನ ಬದಿಗೋ ಎಂದು ಲೆಕ್ಕ ಹಾಕುತ್ತ ಕೂತರೆ, ಲೆಕ್ಕ ಮುಗಿಯುವಷ್ಟರಲ್ಲಿ ಮರವಂತೆಯ ಕಡಲು ಬಂದಿರುತ್ತದೆ. ಆದರೆ ಬೇಸಗೆ ರಜೆಯಲ್ಲಿ ನಾವು ಮಕ್ಕಳು ಅಲ್ಲಿ ಸೇರಿದಾಗಿನ ಬೆಳಗನ್ನು ಯಾವ ಯಂತ್ರವೂ ಅಗೆದು ತೆಗೆಯಲಾರದು: ಅಂಗಳಕ್ಕೆ ಬಳಿದ ಸೆಗಣಿಯ ತಂಪು, ಬಚ್ಚಲ ಹಂಡೆಯ ಅಡಿಯಲ್ಲಿ ಉರಿಯುವ ತೆಂಗಿನ ಮಡಲಿನ ಹೊಗೆ, ಕಾದ ಗಂಜಿಗೆ ಬಿದ್ದ ತುಪ್ಪ, ಪಡುವಲಿನಿಂದ ಗಾಳಿ ಬೀಸಿದಾಗಲೆಲ್ಲ ಒಣಮೀನಿನ ಘಾಟು, ಮತ್ತು ಎಲ್ಲದರ ಮೇಲೆ, ಎಲ್ಲಿಂದ ಎಂದು ತಿಳಿಯದಂತೆ, ಏರುತ್ತ ಏರುತ್ತ ಹೋಗುವ ಕೋಗಿಲೆಯ ದನಿ. ಆ ದನಿಯನ್ನು ಕೇಳದ ದಿನ ಇರಲಿಲ್ಲ. ಆದರೆ ಆ ಮನೆಯಲ್ಲಿ ಯಾರೊಬ್ಬರೂ ಕೋಗಿಲೆಯನ್ನು ಕಣ್ಣಾರೆ ಕಂಡಿರಲಿಲ್ಲ. ಅದು ಮಾವಿನ ಚಿಗುರು ಮೇದು ಹಾಡುವ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ, ಬಲು ಚೆಂದದ ಹಕ್ಕಿ ಎಂದು ಎಲ್ಲರೂ ನಂಬಿದ್ದರು. ಕೇಳಿದ್ದೇ ಸಾಕು, ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಜ್ಜಯ್ಯ ತೀರಿಕೊಂಡು ವರ್ಷ ತುಂಬಿದ ಬೇಸಗೆ ಅದು. ಅವರು ತೀರಿಕೊಂಡಾಗ ಒಬ್ಬನೇ ಮಗನಾದ ಭುಜಂಗ ಮಾವ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ತಂತಿ ತಲುಪಿ ಅವರು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಬೂದಿ ತಣ್ಣಗಾಗಿತ್ತು. ಊರಿನ ಬಾಯಿ ಸುಮ್ಮನಿರುವ ಬಾಯಲ್ಲ. ತಂದೆಯ ಮುಖ ನೋಡಲು ಬಾರದ ಮಗ ಎಂಬ ಮಾತು ಅಂಗಡಿಕಟ್ಟೆಯಿಂದ ನಮ್ಮ ಅಡುಗೆಮನೆಯವರೆಗೆ ನಡೆದು ಬಂದಿತ್ತು. ಆದ್ದರಿಂದ ವರ್ಷದ ತಿಥಿಗೆ ಮಾವ ಹೆಚ್ಚು ದಿನದ ರಜೆ ಹಾಕಿ, ಟ್ರಂಕು ಹೊತ್ತು ಮುಂಚಿತವಾಗಿಯೇ ಬಂದಿಳಿದರು. ಟ್ರಂಕಿನಲ್ಲಿ ನಮಗೆ ಬಿಸ್ಕತ್ತು, ಅಮ್ಮಮ್ಮನಿಗೆ ಸೀರೆ, ಮತ್ತು ಹೋಟೆಲಿನ ಗಿರಾಕಿಯೊಬ್ಬ ಬಿಟ್ಟುಹೋಗಿದ್ದ ಆ ಇಂಗ್ಲಿಷ್ ಹಕ್ಕಿ ಪುಸ್ತಕ. ಪುಸ್ತಕವನ್ನು ಮಾವ ನಮ್ಮ ಕೈಗೆ ಕೊಡುತ್ತಿರಲಿಲ್ಲ. ತಾವೇ ಹಾಳೆ ಮಗುಚಿ, ದೂರದಿಂದ ತೋರಿಸಿ, ಮತ್ತೆ ಟ್ರಂಕಿಗೆ ಹಾಕಿ ಚಿಲಕ ಹಾಕುತ್ತಿದ್ದರು.

ತಿಥಿಯ ದಿನ ಎಡೆ ಬಡಿಸಿದ ಬಾಳೆಲೆಯನ್ನು ಅಂಗಳದಾಚೆ ಕಲ್ಲಿನ ಮೇಲೆ ಇಟ್ಟರು. ಅನ್ನ, ಪಾಯಸ, ಉದ್ದಿನ ವಡೆ, ತುದಿಯಲ್ಲಿ ಸುಲಿದ ಬಾಳೆಹಣ್ಣಿನ ಹೋಳುಗಳು. ಕಾಗೆ ಬಂದು ಮುಟ್ಟಿದರೆ ತೀರಿಕೊಂಡವರಿಗೆ ತೃಪ್ತಿ. ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಂದು ಹಲಸಿನ ಮರದ ತುಂಬ ಕಾಗೆಗಳಿದ್ದವು, ಇಳಿದು ಬಂದದ್ದು ಒಂದೂ ಇಲ್ಲ. ಒದ್ದೆ ಪಂಚೆಯಲ್ಲಿ ಮಾವ ಕೈಮುಗಿದು ನಿಂತೇ ಇದ್ದರು. ಬಿಸಿಲೇರಿತು, ಪಂಚೆ ಮೈಮೇಲೆಯೇ ಒಣಗಿತು. ಚಾವಡಿಯಲ್ಲಿ ಕೂತ ನೆಂಟರಲ್ಲಿ ಒಬ್ಬರು ಇನ್ನೊಬ್ಬರ ಕಿವಿಗೆ ಬಾಯಿ ಕೊಟ್ಟರು. ಅಜ್ಜಯ್ಯನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅವರು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅಮ್ಮಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು; ಅವರ ಮಗ್ಗುಲಲ್ಲಿ ನನ್ನ ದೊಡ್ಡಮ್ಮನ ಮಗ ಶೇಖರಣ್ಣ. ನನ್ನನ್ನು ಮಾತ್ರ ಹಿಂದಿನ ದಿನ ಹಪ್ಪಳದ ಹಿಟ್ಟು ತಿಂದಳು ಎಂಬ ಅಪರಾಧಕ್ಕಾಗಿ ಜಗಲಿಯ ಕೊನೆಯ ಮೆಟ್ಟಿಲಲ್ಲಿ, ಎಲ್ಲರಿಂದ ದೂರ ಕೂರಿಸಿದ್ದರು. ಹಿಟ್ಟು ತಿಂದದ್ದು ಶೇಖರಣ್ಣ ಎಂಬುದನ್ನು ಪ್ರಸಂಗವಶಾತ್ ಇಲ್ಲಿ ದಾಖಲಿಸುತ್ತೇನೆ.

ದೂರ ಕೂರಿಸಿದ್ದರಿಂದ ಜಗಲಿಯಲ್ಲಿದ್ದವರಲ್ಲಿ ಎಡೆಗೆ ಎಲ್ಲರಿಗಿಂತ ಹತ್ತಿರ ಇದ್ದವಳು ನಾನೇ. ದಾಸವಾಳದ ಬೇಲಿಯ ಒಳಗಿನಿಂದ ಕರಿಯ ಹಕ್ಕಿಯೊಂದು ಕಳ್ಳನಂತೆ ಹೊರಬಂತು. ಬಾಲ ಉದ್ದ. ಕುತ್ತಿಗೆಯಲ್ಲಿ ಊರಕಾಗೆಗಿರುವ ಬೂದು ಬಣ್ಣದ ಸುಳಿವಿಲ್ಲ. ಎಲೆಯ ತುದಿಗೆ ಕುಪ್ಪಳಿಸಿ, ತಲೆ ಓರೆ ಮಾಡಿ ನನ್ನ ಕಡೆಗೇ ನೋಡಿತು, ಬಾಳೆಹಣ್ಣಿನ ಹೋಳೊಂದನ್ನು ಕಚ್ಚಿತು, ಹಾರಿತು. ಹಲಸಿನ ಮರದ ಕಾಗೆಗಳೆಲ್ಲ ಕೂಗುತ್ತ ಅದನ್ನು ಅಟ್ಟಿಸಿಕೊಂಡು ಹೋದವು.

ಜಗಲಿಯಿಂದ ಅಮ್ಮಮ್ಮನ ದನಿ ಬಂತು. “ಕಾಕಿ ಮುಟ್ತ್. ಎಲಿ ಹಾಕಿ.”

ಮನೆಯೆಲ್ಲ ಒಮ್ಮೆಲೇ ಉಸಿರು ಬಿಟ್ಟಂತಾಯಿತು. ಆಗ ನಾನು ಎದ್ದು ನಿಂತು, ಸತ್ಯವನ್ನು ಸತ್ಯ ಎಂದು ಹೇಳಬೇಕೆಂದು ಅದೇ ಅಮ್ಮಮ್ಮ ಕಲಿಸಿದ್ದಂತೆ, ಹೇಳಿಬಿಟ್ಟೆ. “ಅದ್ ಕಾಕಿ ಅಲ್ಲ. ಅದ್ರ್ ಕಣ್ ಕೆಂಪಿತ್ತ್.”

ಆಮೇಲೆ ನಡೆದದ್ದನ್ನು ವಿಚಾರಣೆ ಎಂದೇ ಕರೆಯಬೇಕು. ಕೆಂಪು ಕಣ್ಣಿನ ಕರಿಯ ಹಕ್ಕಿ ಲೋಕದಲ್ಲಿ ಇಲ್ಲ ಎಂದರು ನೆಂಟರು. ಇದೆ ಎಂದೆ ನಾನು. ಹಾಗಾದರೆ ಅದರ ಹೆಸರೇನು ಎಂದರು. ಅದು ನನಗೂ ಗೊತ್ತಿರಲಿಲ್ಲ. ಕೊನೆಗೆ ಮಾವ ಒಳಗೆ ಹೋಗಿ ಟ್ರಂಕಿನ ಚಿಲಕ ತೆಗೆದು ಪುಸ್ತಕ ತಂದರು. ಎಲ್ಲರೂ ಸುತ್ತ ನಿಂತರು. ನುಸಿಗುಳಿಗೆಯ ವಾಸನೆ ಪಾಯಸದ ವಾಸನೆಯ ಜೊತೆ ಬೆರೆಯಿತು. ಮಾವ ಒಂದೊಂದೇ ಹಾಳೆ ಮಗುಚಿದರು. ಆ ಪುಸ್ತಕದ ಚಿತ್ರಗಳೆಲ್ಲ ಕಪ್ಪು ಬಿಳುಪು. ಗಿಳಿಯೂ ಬೂದು, ಮಿಂಚುಳ್ಳಿಯೂ ಬೂದು. ಕರಿಯ ಹಕ್ಕಿಗಳಿದ್ದ ಪುಟದಲ್ಲಿ ಅವರ ಬೆರಳು ನಿಂತಿತು. ಬೆರಳನ್ನು ಅವರು ಅಲ್ಲಿಂದ ಎತ್ತಲಿಲ್ಲ. ಅದು ಅಧಿಕಾರದ ಗತ್ತು ಎಂದು ನಾನು ಎಷ್ಟೋ ಕಾಲ ತಿಳಿದಿದ್ದೆ. ಅಡಿಯಲ್ಲಿ ಬರೆದಿದ್ದ ಇಂಗ್ಲಿಷನ್ನು ಅವರು ಓದಲಿಲ್ಲ, ಓದಿ ಎಂದು ನಾನು ಕೇಳಿದರೂ ಓದಲಿಲ್ಲ.

“ಪುಸ್ತಕ್ದಗೆ ಕೆಂಪ್ ಕಣ್ಣ್ ಇಲ್ಲೆ ಹೆಣೆ,” ಎಂದರು. ಪುಸ್ತಕ ಮುಚ್ಚಿತು, ನನ್ನ ವ್ಯಾಜ್ಯವೂ ಮುಚ್ಚಿತು.

ಅಂದಿನಿಂದ ನನ್ನ ಹೆಸರು ಸರೋಜ ಎಂಬುದನ್ನು ಶೇಖರಣ್ಣ ಮರೆತ. ನಾನು ‘ಕೆಂಪ್‌ಕಣ್ಣಿ’ ಆದೆ. ಹೊಳೆಯಲ್ಲಿ ಮೀಯುವಾಗ, ಯಕ್ಷಗಾನಕ್ಕೆ ಹೋಗುವಾಗ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲೂ ಅದೇ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಕಾಫಿ ಲೋಟ ಹಿಡಿದು ನಿಂತಿದ್ದ ಶೇಖರಣ್ಣ, ಹೆಣ್ಣು ಒಳ್ಳೆಯದು, ಆದರೆ ಇಲ್ಲದ ಹಕ್ಕಿಗಳು ಕಾಣುತ್ತವೆ ಎಂದು ಭಾವೀ ಮಾವನವರಿಗೆ ತಿಳಿಸಿದ. ಅವರು ನಕ್ಕರು, ಅದು ಅವರ ದೊಡ್ಡತನ. ಅಂಚೆ ಕಚೇರಿಯ ಕೆಲಸದಿಂದ ನಾನು ನಿವೃತ್ತಳಾದ ದಿನ ಫೋನು ಮಾಡಿ, ಇನ್ನಾದರೂ ಆ ಕಾಕಿಯನ್ನು ಹುಡುಕಲು ಪುರುಸೊತ್ತಾಯಿತಲ್ಲ ಎಂದ. ಕೋಗಿಲೆಯ ಕಣ್ಣು ಕೆಂಪು ಎಂದು ನಾನು ಯಾರಿಂದಲೋ ಕೇಳಿ ತಿಳಿದು ಅವನಿಗೆ ಹೇಳಿದ್ದೂ ಉಂಟು. ಬಾಯಿಮಾತು ಸಾಕ್ಷಿಯಲ್ಲ, ಪುಸ್ತಕದಲ್ಲಿ ತೋರಿಸು ಎಂದ. ಮೊಬೈಲಿನಲ್ಲಿ ತೋರಿಸಹೋದರೆ ಅದರಲ್ಲಿ ಬೇಕಾದ ಬಣ್ಣ ಹಾಕಬಹುದು ಎಂದ. ಅಷ್ಟರಲ್ಲಿ ಆ ಚಾವಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಅಮ್ಮಮ್ಮ, ದೊಡ್ಡಮ್ಮ, ನನ್ನ ಅಮ್ಮ, ಪಿಸುಗುಟ್ಟಿದ ನೆಂಟರು, ಕೊನೆಗೆ ಭುಜಂಗ ಮಾವ. ಉಳಿದವರು ಶೇಖರಣ್ಣ ಮತ್ತು ನಾನು. ಅವನೊಬ್ಬ ಒಪ್ಪದೆ ಹೋದರೆ, ಒಪ್ಪುವುದಕ್ಕೆ ಈ ಭೂಮಿಯಲ್ಲಿ ಬೇರೆ ಜನವಿಲ್ಲ.

ಆದುದರಿಂದ ಕೈಪಿಡಿ ಬಂದ ಮರುದಿನವೇ, ಕೋಗಿಲೆಯ ಪುಟಕ್ಕೊಂದು ದಾರ ಇಟ್ಟು, ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ, ಬೈಂದೂರಿಗೆ ಬಸ್ಸು ಹಿಡಿದೆ. ಶೇಖರಣ್ಣ ಮಗನ ಅಂಗಡಿಯ ಹಿಂದಿನ ಮನೆಯಲ್ಲಿ, ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಕೂತಿದ್ದ. “ಹ್ವಾಯ್, ಕೆಂಪ್‌ಕಣ್ಣಿ ಬಂತ್ ಕಾಣಿ,” ಎಂದು ಒಳಕ್ಕೆ ಕೂಗಿ ಚಾ ಇಡಲು ಹೇಳಿದ. ನಾನು ಚಾ ಕುಡಿಯಲು ಬಂದವಳಲ್ಲ ಎಂದೆ. ದಾರ ಎಳೆದು ಪುಟ ಬಿಡಿಸಿ ಅವನ ಮುಂದಿಟ್ಟೆ. ಅವನು ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ, ಬಹಳ ಹೊತ್ತು ಆ ಹಕ್ಕಿಯನ್ನು ನೋಡಿದ. ಪುಟದ ಮೇಲೆ ಬೆರಳಿಟ್ಟು ಸವರಿದ.

“ಇದೇ ಹಕ್ಕಿ,” ಎಂದ. “ನಾನೂ ಕಂಡಿದ್ದೆ.”

ಯಾವಾಗ ಎಂದು ಕೇಳಿದೆ.

“ಅವತ್ತೇ. ಕಾಕಿ ಅಲ್ಲ ಅಂದೇಳಿ ಬಾಯ್ ತೆಗುಕೆ ಹೊರ್ಟಿದ್ದೆ, ಅಮ್ಮಮ್ಮ ತೊಡಿ ಚಿವ್ಟಿತ್. ನೀಲಿ ಆಯಿತ್ತ್ ಮಾರಾಯ್ತಿ. ಮಾವನ್ ಮೋರಿ ಕಾಣ್ ಅಂತ್ ಕೆಮಿಯಂಗೆ ಹೇಳಿತ್.”

ಮಾವನ ಮೋರೆ ನೋಡು ಎಂದು, ಅವನ ಕಿವಿಯಲ್ಲಿ. ಒಣಗಿದ ಪಂಚೆಯಲ್ಲಿ ಕೈಮುಗಿದು ನಿಂತಿದ್ದ ಮಾವನ ಮೋರೆ, ಅಷ್ಟು ವರ್ಷ ಎಡೆಯ ಮೇಲಿನ ಹಕ್ಕಿಯನ್ನಷ್ಟೇ ನೋಡಿಕೊಂಡು ಬಂದಿದ್ದ ನನ್ನ ಕಣ್ಣಿಗೆ, ಆಗ ಬಿತ್ತು. ಅಮ್ಮಮ್ಮನಿಗೆ ತಿಳಿದಿತ್ತು. ಕಾಗೆಯಲ್ಲದ್ದನ್ನು ಕಾಗೆ ಎಂದು, ಗಂಡನ ಎಡೆಯ ಮುಂದೆ, ಮಗನಿಗಾಗಿ ಹೇಳಿದ್ದರು. ಆದರೂ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಹಾಗಿದ್ದರೆ ನನಗೇಕೆ ಯಾರೂ ಹೇಳಲಿಲ್ಲ, ಇಷ್ಟು ವರ್ಷ ನನ್ನನ್ನು ಆಡಿಕೊಂಡದ್ದು ಯಾವ ನ್ಯಾಯ ಎಂದು ದನಿ ಏರಿಸಿದೆ.

ಮಾವ ಇರುವಷ್ಟು ಕಾಲ ಹೇಳುವಂತಿರಲಿಲ್ಲ, ಆಮೇಲೆ ಅಭ್ಯಾಸವಾಗಿ ಹೋಯಿತು ಎಂದ ಶೇಖರಣ್ಣ. ಮತ್ತೆ, ಕನ್ನಡಕ ಹಾಕಿಕೊಳ್ಳುತ್ತ, ನಗು ತಡೆಯಲಾರದೆ ಹೇಳಿದ. “ನಿಂಗೂ ಚಿವ್ಟ್ತಿತ್ತ್. ನೀ ದೂರ ಕೂಕಂಡಿದ್ದೆ, ಅಮ್ಮಮ್ಮಂಗೆ ಕೈ ಎಟ್ಕ್ಲಿಲ್ಲ.”

ನಾನೂ ನಕ್ಕೆ, ಬೇಡವೆಂದರೂ. ಚಾ ಕುಡಿದೆ, ಸಕ್ಕರೆ ಹೆಚ್ಚಾಗಿತ್ತು, ಅದನ್ನು ಹೇಳಿಯೂ ಹೇಳಿದೆ. ಹಪ್ಪಳದ ಹಿಟ್ಟಿನ ವಿಷಯ ಎತ್ತಿದಾಗ ಮಾತ್ರ ಅವನಿಗೆ ಇದ್ದಕ್ಕಿದ್ದಂತೆ ಕಣ್ಣು ಉರಿಯತೊಡಗಿತು. ಕೈಪಿಡಿಯನ್ನು ಅವನಲ್ಲೇ ಬಿಟ್ಟು ಬಂದೆ, ಓದುವುದಕ್ಕಲ್ಲ, ದಿನಾ ನೋಡುತ್ತಿರಲಿ ಎಂದು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ನಾವುಂದ ಬಂದಾಗ ಎಂದಿನಂತೆ ಅಡುಗೆಮನೆಯನ್ನು ಲೆಕ್ಕ ಹಾಕಲು ಹೋಗಲಿಲ್ಲ. ಜಗಲಿ ಎಲ್ಲಿತ್ತು, ಕಂಬ ಎಲ್ಲಿತ್ತು, ಕೊನೆಯ ಮೆಟ್ಟಿಲು ಎಲ್ಲಿತ್ತು ಎಂದು ಹುಡುಕಿದೆ. ಕಂಬಕ್ಕೂ ಮೆಟ್ಟಿಲಿಗೂ ನಡುವೆ ಇದ್ದದ್ದು ಎರಡು ಮೂರು ಮಾರು. ಈಗ ಅದರ ಮೇಲೆ ಲಾರಿಗಳು ಓಡುತ್ತಿವೆ. ಅಮ್ಮಮ್ಮ ನನಗೆ ಸೀರೆ ಕೊಟ್ಟಿದ್ದಾರೆ, ಸರ ಕೊಟ್ಟಿದ್ದಾರೆ, ಹೇನು ಹೆಕ್ಕಿ ಜಡೆ ಹಾಕಿದ್ದಾರೆ. ಅವರಿಂದ ನನಗೆ ಸಲ್ಲಬೇಕಾಗಿದ್ದು ಸಲ್ಲದೆ ಉಳಿದದ್ದು ಒಂದೇ ಒಂದು, ತೊಡೆಯ ಮೇಲೆ ನೀಲಿಗಟ್ಟುವ ಆ ಚಿವುಟು. ಶೇಖರಣ್ಣನಿಗೆ ಅದು ಸಿಕ್ಕಿತು. ಇದನ್ನು ನಾನು ಮರೆಯುವವಳಲ್ಲ.