ಒಂದು ಬೆರಳು ಬಟ್ಟೆ

ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರ ಅಂಗಿ ಹೊಲಿಯುತ್ತಿದ್ದವಳು ಮೈದಾನದ ಹಿಂದಿನ ಬೀದಿಯ ದರ್ಜಿಯಮ್ಮ. ಹದಿನಾರು ವರ್ಷದಿಂದ ಹನ್ನೆರಡು ಅಂಗಿ, ಹನ್ನೆರಡು ಚಡ್ಡಿ ಅವಳ ಕೈಯಿಂದಲೇ ಆಗಬೇಕು. ಹುಡುಗ ಬಾಗಿಲಲ್ಲಿ ನಿಂತರೆ ಸಾಕು, ಎದೆ ಇಷ್ಟು, ಭುಜ ಇಷ್ಟು ಎಂದು ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಇವಳ ಕತ್ತರಿ ತಪ್ಪಿದರೆ ಸೂರ್ಯ ಪಡುವಣದಲ್ಲಿ ಹುಟ್ಟಿಯಾನು ಎಂದು ಬೀದಿಯವರ ಮಾತು.

ಆ ವರ್ಷ ತಂಡದಲ್ಲಿ ಅವಳ ಮನೆಯವರೇ ಇಬ್ಬರಿದ್ದರು. ಒಬ್ಬ ಅವಳ ಮಗ, ಆರಡಿ ಮೂರಿಂಚು. ಗೆಳೆಯರ ಬಾಯಲ್ಲಿ ಏಣಿ. ಇನ್ನೊಬ್ಬ ಓರಗಿತ್ತಿಯ ಮಗ. ಕುಳ್ಳ, ಆದರೆ ಕಾಲಲ್ಲಿ ಪಾದರಸ. ಅವನನ್ನು ಮಿಂಚು ಎನ್ನುತ್ತಿದ್ದರು. ಅವನು ಎಸೆದ ಚೆಂಡು ಬುಟ್ಟಿಯ ದಾರಿಯನ್ನು ಯಾರನ್ನೂ ಕೇಳುತ್ತಿರಲಿಲ್ಲ. ಏಣಿ ಮಾತ್ರ ಬೆಂಚಿನ ತುದಿಯಲ್ಲಿ ಎಲ್ಲರ ಟವೆಲ್ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಹತ್ತು ಆಟಗಳಲ್ಲಿ ಅವನು ಅಂಕಣಕ್ಕೆ ಇಳಿದದ್ದು ಒಟ್ಟು ಒಂಬತ್ತು ನಿಮಿಷ. ಅಂಕಣದ ಗೋಡೆಯ ಗಡಿಯಾರ ನೋಡಿ ತಾಯಿಯೇ ಎಣಿಸಿದ್ದಳು.

ಓರಗಿತ್ತಿಯ ಸಂಸಾರ ಮಹಡಿಯ ಮೇಲೆ. ಗೆದ್ದ ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿದರೆ ದರ್ಜಿಯಮ್ಮನ ಕಾಲು ತಾನಾಗಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿತ್ತು.

"ಅಕ್ಕಾ, ಪೇಪರ್ ನೋಡಿದ್ಯಾ? ನಮ್ಮೋನ ಫೋಟೋ ಬಂದಿದೆ!"

"ಕೊಡು ನೋಡೋಣ. ಚೆನ್ನಾಗಿದೆ ಕಣೆ. ಆದ್ರೆ ಹಲ್ಲಿನ ಡಾಕ್ಟರ್ ಮುಂದೆ ಕೂತೋರ ಥರ ಯಾಕೆ ಬಾಯಿ ತೆಕ್ಕೊಂಡಿದಾನೆ?"

"ಓಡೋವಾಗ ಹಂಗೇ ಅಕ್ಕ. ಬೆಂಚ್ ಮೇಲೆ ಕೂತಿರೋರು ಬಾಯಿ ಮುಚ್ಕೊಂಡು ಇರಬಹುದು."

ದರ್ಜಿಯಮ್ಮ ನಕ್ಕಳು. ನಗು ತುಟಿಯ ಮೇಲಿತ್ತು, ಒಲೆ ಹೊಟ್ಟೆಯೊಳಗಿತ್ತು. ಆ ಫೋಟೋದ ಮೂಲೆಯಲ್ಲಿ ಏಣಿಯ ಒಂದು ಮೊಣಕಾಲು ಬಿದ್ದಿತ್ತು. ಅಷ್ಟೇ ಅವನ ಪಾಲು.

ಕೊನೆಯ ಆಟಕ್ಕೆ ಮೂರು ದಿನವಿರುವಾಗ ಅಂಗಿಗಳ ಎರಡೂ ಪಕ್ಕಕ್ಕೆ ಬಿಳಿ ಪಟ್ಟಿ ಕೂರಿಸಬೇಕೆಂದು ಕೋಚ್ ಹೇಳಿ ಕಳಿಸಿದ. ಅವಳು ಪಕ್ಕದ ಹೊಲಿಗೆಗಳನ್ನೆಲ್ಲ ಬಿಚ್ಚಿ, ಪಟ್ಟಿ ಇಟ್ಟು ಹೊಲಿಯುತ್ತ ಬಂದಳು. ಏಳನೇ ನಂಬರಿನ ಅಂಗಿ ಕೈಗೆ ಬಂತು. ಮಿಂಚುವಿನದು. ಕಂಕುಳ ಬಳಿ ಬಂದಾಗ ಅವಳ ಕೈ ಒಂದು ಬೆರಳಷ್ಟು ಬಟ್ಟೆಯನ್ನು, ತೋಳು ಎತ್ತಿದರೆ ಬಿಗಿಯುವ ಹಾಗೆ, ಒಳಕ್ಕೆ ಹಿಡಿಯಿತು. ಮೇಲೆ ಇಸ್ತ್ರಿ ಎಳೆದಳು. ಹೊರಗಿನಿಂದ ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ. ಯಾರ ಕೈಯನ್ನೂ ಕಡಿದಿಲ್ಲವಲ್ಲ, ಒಂದೆರಡು ಚೆಂಡು ತಪ್ಪಿದರೆ ಕೋಚಿನ ಕಣ್ಣು ಬೆಂಚಿನ ಕಡೆ ತಿರುಗೀತು, ಎಂದು ತನಗೆ ತಾನೇ ಹೇಳಿಕೊಂಡಳು.

ಆಟದ ದಿನ ಅಂದುಕೊಂಡ ಹಾಗೆಯೇ ಆಯಿತು. ಮಿಂಚುವಿನ ತೋಳು ಕಿವಿಯವರೆಗೆ ಹೋಗಿ ನಿಲ್ಲುತ್ತಿತ್ತು. ಒಂದು ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿಯಿತು, ಇನ್ನೆರಡು ಬಲೆಯನ್ನೂ ಮುಟ್ಟಲಿಲ್ಲ.

"ಏಯ್ ಏಣಿ, ರೆಡಿಯಾಗು!" ಎಂದ ಕೋಚ್.

ಜನರ ನಡುವೆ ಕೂತಿದ್ದ ದರ್ಜಿಯಮ್ಮ ಎದ್ದು ನಿಂತಳು. ಅಷ್ಟರಲ್ಲಿ ಮಿಂಚು ಸಿಟ್ಟಿನಿಂದ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಾರಿದ. ಪರ್ರ್! ಅಂಗಿ ಕಂಕುಳಿಂದ ಸೊಂಟದವರೆಗೆ ಹರಿಯಿತು. ಚೆಂಡು ಬುಟ್ಟಿಗೆ ಬಿತ್ತು. ಹರಿದ ಅಂಗಿಯಲ್ಲಿ ಆಡುವ ಹಾಗಿಲ್ಲ ಎಂದು ರೆಫರಿ ಸೀಟಿ ಊದಿದ. ಹನ್ನೆರಡು ಹುಡುಗರಿಗೆ ಹನ್ನೆರಡೇ ಅಂಗಿ. ಹೆಚ್ಚಿನದೊಂದನ್ನು ಅವಳು ಎಂದೂ ಹೊಲಿದಿರಲಿಲ್ಲ.

ಯಾರೂ ಹೇಳುವ ಮೊದಲೇ ಏಣಿ ತನ್ನ ಅಂಗಿ ಕಳಚಿದ.

"ತಗೋ, ಕೈ ಸಡಿಲಾದ್ರೆ ನಿನ್ನ ತಡೆಯೋರಿಲ್ಲ."

"ಅಣ್ಣ, ಕೋಚ್ ನಿನ್ನ ಕರೆದ್ರಲ್ಲ?"

"ಹಾಕ್ಕೊಳೋ ಮಾರಾಯ!"

ಸ್ಕೋರ್ ಬರೆಯುವವನು ನಂಬರ್ ತಿದ್ದಿಕೊಂಡ. ತೊಡೆಯವರೆಗೆ ಇಳಿಬಿದ್ದ ಅಂಗಿಯಲ್ಲಿ ಮಿಂಚು ಸಾಲಾಗಿ ಐದು ಬುಟ್ಟಿ ಹಾಕಿದ. "ಹದಿಮೂರು! ಹದಿಮೂರು!" ಎಂದು ಜನ ಕೂಗಿದರು. ಅದು ಏಣಿಯ ನಂಬರ್. ಅವಳು ಎರಡೆರಡು ಸಲ ಹೊಲಿಗೆ ಹಾಕಿ ಗಟ್ಟಿ ಮಾಡಿದ್ದ ನಂಬರ್. ವರ್ಷವಿಡೀ ಕೇಳಬೇಕೆಂದಿದ್ದ ಕೂಗು ಕೇಳಿತು. ಅಂಗಿಯೊಳಗಿನ ಮೈ ಮಾತ್ರ ಓರಗಿತ್ತಿಯ ಮಗನದು.

ಎರಡು ನಿಮಿಷ ಉಳಿದಿರುವಾಗ ತಂಡದ ಎತ್ತರದ ಆಟಗಾರ ಐದನೇ ಫೌಲ್ ಮಾಡಿ ನಿಯಮದಂತೆ ಹೊರಬಿದ್ದ. ಕೋಚ್ ತಿರುಗಿ, "ಏಣಿ!" ಎಂದ. ಏಣಿ ಬನಿಯನ್ನಿನಲ್ಲಿ ಕೂತಿದ್ದ. ಮತ್ತೆ ಯಾರ ಅಂಗಿಯನ್ನೂ ಅದಲುಬದಲು ಮಾಡಲು ರೆಫರಿ ಒಪ್ಪಲಿಲ್ಲ. ಬೇರೊಬ್ಬ ಗಿಡ್ಡ ಹುಡುಗ ಹೋದ. ಎದುರಾಳಿಗಳು ಅವನ ತಲೆಯ ಮೇಲಿಂದಲೇ ಚೆಂಡು ಹಾಕಿದರು. ಒಂದೇ ಅಂಕದಲ್ಲಿ ಆಟ ಹೋಯಿತು. ಇಬ್ಬರೂ ಹುಡುಗರಿಗೆ ಅದು ಕಾಲೇಜಿನ ಕೊನೆಯ ವರ್ಷ.

ಜನ ಚದುರುವಾಗ ಓರಗಿತ್ತಿ ಹರಿದ ಅಂಗಿ ಹಿಡಿದು ಬಂದಳು. "ನಿನ್ನ ಹೊಲಿಗೆ ಬಿಟ್ಟಿದ್ದು ಇದೇ ಮೊದಲು, ಅಕ್ಕ. ವಯಸ್ಸಾಯ್ತಲ್ಲ, ಪಾಪ."

"ಹೊಲಿಗೆ ಬಿಟ್ಟಿಲ್ಲ. ಪಕ್ಕದ ಬಟ್ಟೆ ಹರಿದಿದೆ. ಕಣ್ಣಿದ್ರೆ ನೋಡು," ಎಂದಳು ದರ್ಜಿಯಮ್ಮ. ಆ ಹೊತ್ತಿನಲ್ಲೂ ಕಸುಬಿನ ಜಂಬ ಬಿಡಲಿಲ್ಲ.

ಏಣಿ ಅಂಗಿಯನ್ನು ತೆಗೆದುಕೊಂಡು ಒಳಮೈ ತಿರುಗಿಸಿದ. ಹೊಲಿಗೆ ಯಂತ್ರದ ಕೆಳಗೆ ಅಂಬೆಗಾಲಿಟ್ಟು ಬೆಳೆದವನು ಅವನು. ಮಡಿಕೆಯನ್ನು ನೋಡಿದ, ತಾಯಿಯನ್ನು ನೋಡಿದ.

"ಬಟ್ಟೆ ಹಳೇದಾಗಿತ್ತು, ಚಿಕ್ಕಮ್ಮ," ಎಂದ.

ಮನೆಗೆ ಹೋಗುವಾಗ ಅವನು ತಾಯಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬಾಗಿಲ ಬಳಿ ನಿಂತು, "ಕೊನೇಲಿ ನಾನು ಆಟಕ್ಕೆ ಇಳೀತಿದ್ದೆ, ಅಮ್ಮ," ಎಂದು ಚಪ್ಪಲಿ ಬಿಟ್ಟ.

ಮರುದಿನ ಬೆಳಿಗ್ಗೆ ದರ್ಜಿಯಮ್ಮ ಆ ಅಂಗಿಯನ್ನು ಹೊಲಿಯದೆ ಹಾಗೆಯೇ ಹಿಡಿದು ಮಹಡಿ ಹತ್ತಿದಳು. ಆ ವರ್ಷ ಮೊದಲ ಸಲ.

"ಕೂತ್ಕೋ ಕಣೆ. ಒಂದು ಮಾತು ಹೇಳ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಬೈ."

ಎದುರಿನ ಗೋಡೆಯ ಮೇಲೆ ಪೇಪರಿನ ಫೋಟೋಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಕಟ್ಟಿಗೆ ಕೂರಲೆಂದು ಅಂಚು ಕತ್ತರಿಸಿದ್ದರು. ಏಣಿಯ ಮೊಣಕಾಲೂ ಹೋಗಿತ್ತು. ಒಂದು ಗಳಿಗೆ ಎದ್ದು ಹೋಗೋಣ ಅನ್ನಿಸಿತು. ಆಮೇಲೆ ಅಂಗಿಯನ್ನು ಒಳಮೈ ಮೇಲಾಗಿ ಹರಡಿ, ಓರಗಿತ್ತಿಯ ಕೈ ಹಿಡಿದು, ಅವಳ ಬೆರಳನ್ನೇ ಆ ಮಡಿಕೆಯ ಮೇಲೆ ಇಟ್ಟಳು.