ಧರ್ಣಪ್ಪನ ಸ್ವಂತ ಕರೆಂಟು

ಮುಂಡಾಜೆಯಿಂದ ಮೇಲೆ, ಕಾಡಿನಂಚಿನಲ್ಲಿರುವ ಧರ್ಣಪ್ಪನ ಮನೆಗೆ ಕರೆಂಟಿನ ಕಂಬ ಬಂದಿಲ್ಲ. ಬರಲು ಅವನು ಬಿಟ್ಟಿಲ್ಲ. ಗುಡ್ಡದಿಂದ ಹರಿದು ಬರುವ ತೋಡಿನ ನೀರನ್ನು ಪೈಪಿನಲ್ಲಿಳಿಸಿ, ಸಣ್ಣದೊಂದು ಟರ್ಬೈನ್ ತಿರುಗಿಸಿ, ಇಪ್ಪತ್ತು ವರ್ಷಗಳಿಂದ ತನ್ನ ಬಲ್ಬು ತಾನೇ ಉರಿಸುತ್ತಿದ್ದಾನೆ. ಫೋನಿಲ್ಲ, ಗ್ಯಾಸಿಲ್ಲ, ಬ್ಯಾಂಕಿನ ಮುಖ ಕಂಡದ್ದಿಲ್ಲ. "ನಾನು ಯಾವ ಕಂಪೆನಿಯ ಹಂಗಿನಲ್ಲೂ ಇಲ್ಲ" ಎಂದು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ಉಂಡ ಅನ್ನ ಕರಗದು.

ಆ ಅನ್ನಕ್ಕೆ ಉಪ್ಪು, ಒಣಮೀನು ಬರುತ್ತಿದ್ದದ್ದು ಹೆಂಡತಿ ಪೂವಮ್ಮ ಕಂಪೆನಿಗೆ ಕಟ್ಟಿಕೊಡುವ ಬೀಡಿಯಿಂದ. ಅದು ಹೆಂಗಸರ ಕೆಲಸ, ಧರ್ಣಪ್ಪನ ಸಿದ್ಧಾಂತಕ್ಕೆ ಅಡ್ಡ ಬರುವುದಿಲ್ಲ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ಇವನ ಕೀರ್ತಿ ಪೇಟೆ ಮುಟ್ಟಿ, ಡಿಸೆಂಬರಿನಲ್ಲಿ ಹದಿನೈದು ಮಂದಿ ಸ್ವಾವಲಂಬನೆ ಕಲಿಯಲು ಬರುವುದೆಂದಾಯಿತು. ಮೂರು ದಿನದ ಶಿಬಿರ. ಚೆನ್ನಾಗಿ ನಡೆದರೆ ಪ್ರತಿ ವರ್ಷವೂ ಅವನಲ್ಲೇ. ಊರವರಿಂದ ಅರೆಹುಚ್ಚನೆನಿಸಿಕೊಂಡವನಿಗೆ ಗುರುವಾಗುವ ಯೋಗ! ಅದೇ ಹೊತ್ತಿಗೆ ಮೂಡುಬಿದಿರೆಯಲ್ಲಿ ಮಗಳು ತೃಪ್ತಿಗೆ ದಿನ ತುಂಬಿತ್ತು.

"ನಾನು ಬಾಣಂತನಕ್ಕೆ ಹೋಗ್ತೇನೆ. ನೀವು ಒಬ್ಬರೇ ಸುಧಾರಿಸ್ತೀರಾ?" ಎಂದಳು ಪೂವಮ್ಮ.

"ನನ್ನ ಹತ್ರ ಕೇಳುವ ಪ್ರಶ್ನೆಯಾ ಮಾರಾಯ್ತಿ ಇದು? ಹೋಗು."

"ಆ ಪೈಪಿನ ಬಾಯಿ ಉಂಟಲ್ಲ..."

"ಟರ್ಬೈನಿನ ವಿಷಯ ನನಗೆ ಕಲಿಸ್ಲಿಕ್ಕೆ ಬರ್ಬೇಡ."

ಅವಳು ಬಸ್ಸು ಹತ್ತಿದಳು.

ಅವಳು ಹೋದ ನಾಲ್ಕನೆಯ ದಿನ ಶಿಬಿರ ಶುರುವಾಯಿತು. ಸಂಜೆ ಅಂಗಳದಲ್ಲಿ ಧರ್ಣಪ್ಪನ ಭಾಷಣ. "ಈ ಬೆಳಕಿಗೆ ಯಾರ ಅಪ್ಪಣೆಯೂ ಬೇಡ" ಎನ್ನುವಷ್ಟರಲ್ಲಿ ಬಲ್ಬು ಕೆಂಪಗಾಗಿ ನಂದಿಹೋಯಿತು.

ಧರ್ಣಪ್ಪನ ನಾಲಿಗೆ ಮಾತ್ರ ನಿಲ್ಲಲಿಲ್ಲ. "ನೋಡಿದ್ರಾ? ಇದು ಕರೆಂಟ್ ಕಂಪೆನಿಯವರ ಪಿತೂರಿ! ಮೇಲೆಲ್ಲೋ ನನ್ನ ನೀರು ತಿರುಗಿಸಿದ್ದಾರೆ!" ಕುಣಿಯಲಾರದವಳಿಗೆ ನೆಲ ಡೊಂಕು. ಶಿಬಿರದವರು ಕತ್ತಲಲ್ಲೇ ಚಪ್ಪಾಳೆ ತಟ್ಟಿ, ಪಿತೂರಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು.

ಬಾಳೆಗೊನೆ ಕೊಡಲು ಬಂದಿದ್ದ ನೆರೆಮನೆಯ ತುಕ್ರಪ್ಪ ತೋಡಿನ ಕಡೆ ನಡೆದ. ಎಲ್ಲರೂ ಹಿಂದೆ ಹೋದರು. ಅವನು ಪೈಪಿನ ಬಾಯಿಗೆ ಕೈ ಹಾಕಿ, ಜಾಲರಿಗೆ ಮೆತ್ತಿಕೊಂಡಿದ್ದ ತರಗೆಲೆಯನ್ನು ಬಾಚಿ ಬಾಚಿ ಎಸೆದ. ಟರ್ಬೈನ್ ಗುಂಯ್ಗುಟ್ಟಿತು, ಅಂಗಳದಲ್ಲಿ ಬೆಳಕಾಯಿತು.

"ಪೂವಕ್ಕ ಊರಲ್ಲಿಲ್ವಾ ಧರ್ಣಪ್ಪಣ್ಣ? ದಿನಾ ಬೆಳಿಗ್ಗೆ ಕಸ ತೆಗಿಯುದು ಅವರೇ ಅಲ್ವಾ?"

ಇಪ್ಪತ್ತು ವರ್ಷ ಧರ್ಣಪ್ಪನಿಗೆ ಇದು ಗೊತ್ತೇ ಇರಲಿಲ್ಲ. ನೀರು ತಾನಾಗಿ ಹರಿಯುತ್ತದೆಂದೇ ನಂಬಿದ್ದ.

"ಪೂವಕ್ಕ ಅಂದ್ರೆ ನಿಮ್ಮ ಆಪರೇಟರಾ ಸರ್?" ಎಂದು ಶಿಬಿರದ ಹುಡುಗಿಯೊಬ್ಬಳು ಪುಸ್ತಕ ತೆರೆದು ಕೇಳಿದಳು. ಧರ್ಣಪ್ಪ ಕೆಮ್ಮಿದ. ಇನ್ನೆರಡು ದಿನ ಕಳೆಯಬೇಕಿತ್ತು. ತುಕ್ರಪ್ಪನನ್ನು ಬದಿಗೆ ಕರೆದು, ಅವನ ಮೊಬೈಲಿನಿಂದ ಮಗಳ ಮನೆಗೆ ಕರೆ ಮಾಡಿಸಿ, ಜೀವನದಲ್ಲಿ ಮೊದಲ ಬಾರಿ ಕಂಪೆನಿಯ ಫೋನನ್ನು ಕಿವಿಗಿಟ್ಟುಕೊಂಡ.

"ಪೂವಮ್ಮ, ಆ ಕಸ ದಿನಕ್ಕೆ ಎಷ್ಟು ಸಲ ತೆಗೀಬೇಕು? ನೀನು ಯಾವಾಗ ಬರುದು?"

ಆ ಕಡೆ ಕೂಸೊಂದು ಅಳುತ್ತಿತ್ತು.

"ಒಮ್ಮೆ ತೆಗೆದ್ರೆ ಸಾಕು," ಎಂದಳು ಪೂವಮ್ಮ. "ಬರುದು ಯಾವಾಗ ಅಂತ ನನಗೆ ಗೊತ್ತಿಲ್ಲ. ತೃಪ್ತಿಗೆ ಹೆರಿಗೆಯಾಗಿ ಎರಡು ದಿನ ಆಯ್ತು. ಗಂಡೋ ಹೆಣ್ಣೋ ಅಂತ ನೀವು ಕೇಳ್ಲೇ ಇಲ್ಲ."

ಕೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನಿಟ್ಟಾಗಿತ್ತು.